ಮನೇಲೇ ಒಂದು ಲೀಟರ್ ಬಯೋರಿಯಾಕ್ಟರ್: ಮೊದ್ಲು ಗಾಳಿ, ಸೆನ್ಸರ್ ಎಲ್ಲಾ ಆಮೇಲೆ

ಬಯೋರಿಯಾಕ್ಟರ್ ಅಂದ್ರೆ ಗಾಳಿ, ಬಿಸಿ, ಊಟ ಕೊಟ್ಟು ಸೂಕ್ಷ್ಮಜೀವಿ ಬೆಳೆಸೋ ಪಾತ್ರೆ. ಅದರ ಹೆಸರು ಕೇಳಿದ ತಕ್ಷಣ ಎಲ್ರೂ ಮೊದ್ಲು ಕೈ ಹಾಕೋದು ಆರ್ಡುಯಿನೋಗೆ, ಅಂದ್ರೆ ಪ್ರೋಗ್ರಾಂ ಹಾಕಿ ಸೆನ್ಸರ್, ಪಂಪ್ ನಡೆಸೋ ಸಣ್ಣ ಸರ್ಕ್ಯೂಟ್ ಬೋರ್ಡಿಗೆ. ನಾನೂ ಅದನ್ನೇ ಮಾಡಿದ್ದು. ಡಿಸ್‌ಪ್ಲೇ ಬಂತು, ಗ್ರಾಫ್ ಬಂತು, ಆಸಿಡ್ ಎಷ್ಟಿದೆ ಅಂತ ಅಳೆಯೋ ಪಿಎಚ್ ಪ್ರೋಬ್ ಬಂತು, ಆದ್ರೆ ಜಾರಿನೊಳಗೆ ಯೀಸ್ಟ್ ಮಾತ್ರ ಬೆಳೀಲಿಲ್ಲ, ಬರೀ ಸಾರಾಯಿ ವಾಸನೆ. ಯಾಕೆ ಅಂದ್ರೆ ಗಾಳಿ ಸಾಕಾಗ್ತಿರ್ಲಿಲ್ಲ, ಸಕ್ಕರೆ ಜಾಸ್ತಿ ಆಗ್ತಿತ್ತು. ಅದನ್ನ ಯಾವ ಡಿಸ್‌ಪ್ಲೇನೂ ನನಗೆ ಹೇಳ್ಲಿಲ್ಲ. ಅದಕ್ಕೇ ಇಲ್ಲಿ ಉಲ್ಟಾ ಕ್ರಮದಲ್ಲಿ ಹೇಳ್ತೀನಿ, ಮೊದ್ಲು ಗಾಳಿ ಹೋಗೋ ಬರೋ ದಾರಿ, ಆಮೇಲೆ ಕ್ಲೀನು, ಆಮೇಲೆ ಬಿಸಿ, ಎಲೆಕ್ಟ್ರಾನಿಕ್ಸ್ ಕೊನೇಲಿ ಮನಸ್ಸಿದ್ರೆ.

ಬೆಳೆಸೋದು ಬ್ರೆಡ್ ಯೀಸ್ಟ್. ಬೇರೆ ಏನೂ ಬೇಡ. ಮಣ್ಣಿಂದ ತೆಗೆದಿದ್ದು, ಚರಂಡಿ ನೀರಲ್ಲಿ ಸಿಕ್ಕಿದ್ದು, ಗೊತ್ತಿಲ್ಲದ ಬ್ಯಾಕ್ಟೀರಿಯಾ, ಜೀನ್ ಬದಲಾಯಿಸಿದ್ದು, ಇವ್ಯಾವ್ದನ್ನೂ ಮನೆ ಜಾರಲ್ಲಿ ಹಾಕ್ಬೇಡಿ. ಲೀಟರ್‌ಗಟ್ಟಲೆ ಬೆಳೆಸಿ ಅದರೊಳಗೆ ಗಾಳಿ ಊದ್ತೀರ, ಗುಳ್ಳೆ ಒಡೆದಾಗ ಸಣ್ಣ ಹನಿ ಹಾರುತ್ತೆ, ಏನು ಬೆಳೀತಿದೆ ಅಂತ ಗೊತ್ತಿರ್ಲೇಬೇಕು. ಯೀಸ್ಟ್ ಒಳ್ಳೇ ಗುರು, ತಪ್ಪು ಮಾಡಿದ್ರೆ ಒಂದೇ ದಿನದಲ್ಲಿ ವಾಸನೇಲೇ ಹೇಳಿಬಿಡುತ್ತೆ.

ಈಗ ಜಾರು. 2 ಲೀಟರಿನ ಅಗಲ ಬಾಯಿಯ ಬೊರೋಸಿಲಿಕೇಟ್ ಗಾಜಿನ ಬಾಟ್ಲಿ ತಗೊಳ್ಳಿ, ಅದರಲ್ಲಿ ತುಂಬೋದು 1 ಲೀಟರ್ ಮಾತ್ರ. ಅರ್ಧ ಖಾಲಿ ಬಿಡೋದು ದಂಡ ಅನ್ಸುತ್ತೆ, ನೊರೆ ಎದ್ದಾಗ ಗೊತ್ತಾಗುತ್ತೆ ಯಾಕೆ ಅಂತ. ನೀರಿನ ಬಾಟ್ಲಿಯ ತೆಳು ಪ್ಲಾಸ್ಟಿಕ್ ಬೇಡ, ಕುಕ್ಕರಲ್ಲಿ ಇಟ್ರೆ ಮುದುಡಿ ಹೋಗುತ್ತೆ. ಪಾಲಿಪ್ರೊಪಿಲೀನ್ ತಡ್ಕೊಳ್ಳುತ್ತೆ, ಹಾಗಾಗಿ ಮುಚ್ಚಳ ಅದರದ್ದಿರ್ಲಿ. ಟ್ಯೂಬ್ ಪೂರ್ತಿ ಸಿಲಿಕೋನ್ದು, ಅಕ್ವೇರಿಯಂಗೆ ಬರೋ ಪಾರದರ್ಶಕ ಪಿವಿಸಿ ಟ್ಯೂಬ್ ಒಂದ್ಸಲ ಬೇಯ್ಸಿದ್ರೆ ಮೆತ್ತಗಾಗಿ ಬೆಳ್ಳಗಾಗಿ ಜಾಯಿಂಟ್‌ಗಳಲ್ಲಿ ಸಡಿಲ ಬಿಡುತ್ತೆ.

ಮುಚ್ಚಳದಲ್ಲಿ ಐದು ತೂತು. ಗಾಳಿ ಒಳಗೆ ಹೋಗೋಕೆ ಒಂದು, ಹೊರಗೆ ಬರೋಕೆ ಒಂದು, ಸಕ್ಕರೆ ನೀರು ಹಾಕೋಕೆ ಒಂದು, ಸ್ಯಾಂಪಲ್ ತೆಗೆಯೋಕೆ ಒಂದು, ಟೆಂಪರೇಚರ್ ಸೆನ್ಸರ್ ಇಳಿಸೋಕೆ ಒಂದು. ಪ್ರತಿ ತೂತಿಗೂ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಪೈಪು. ತೂತಿಗೆ ಸಿಲಿಕೋನ್ ಬಿರಡೆ ಹಾಕಿ, ಬಿರಡೆಯ ತೂತು ಪೈಪಿಗಿಂತ ಸ್ವಲ್ಪ ಚಿಕ್ಕದಿರ್ಲಿ, ಪೈಪನ್ನ ಒತ್ತಿ ತೂರಿಸ್ಬೇಕು, ಸಡಿಲ ಆಗಿ ಅಂಟು ಹಾಕೋದಕ್ಕಿಂತ ಇದು ಎಷ್ಟೋ ವಾಸಿ. ಸೆನ್ಸರ್ ಪೈಪಿನ ತಳ ಮುಚ್ಚಿರ್ಬೇಕು, ಅದರೊಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಸೆನ್ಸರ್ ಇಳಿಸಿದ್ರೆ ಬಿಸಿ ಸರಿಯಾಗಿ ತಾಗುತ್ತೆ, ಸೆನ್ಸರ್ ದ್ರವಕ್ಕೆ ಮುಟ್ಟೋದೇ ಇಲ್ಲ, ಅದನ್ನ ಸ್ಟೆರಿಲೈಜ್ ಮಾಡೋ ತಲೆನೋವಿಲ್ಲ.

ಗಾಳಿ ದಾರಿ ಹೀಗೆ: ಅಕ್ವೇರಿಯಂ ಪಂಪ್, ಅದಾದ್ಮೇಲೆ ಒಂದೇ ದಿಕ್ಕಿಗೆ ಬಿಡೋ ಚೆಕ್ ವಾಲ್ವ್, ಅದಾದ್ಮೇಲೆ 0.2 ಮೈಕ್ರಾನ್ ಫಿಲ್ಟರ್, ಅಲ್ಲಿಂದ ದ್ರವದ ತಳದ ತನಕ ಇಳಿಯೋ ಪೈಪು, ಅದರ ತುದೀಲಿ ಗಾಳಿಯನ್ನ ಸಣ್ಣ ಸಣ್ಣ ಗುಳ್ಳೆ ಮಾಡೋ ಸ್ಪಾರ್ಜರ್. ಫಿಲ್ಟರ್ ಪಿಟಿಎಫ್ಇ, ಅಂದ್ರೆ ಟೆಫ್ಲಾನ್ ಆಗಿರ್ಬೇಕು, ಅದು ನೀರು ಹಿಡ್ಕೊಳ್ಳಲ್ಲ. ಸಿರಿಂಜಿಗೆ ಹಾಕೋ 25 ಮಿಲಿಮೀಟರಿನ ಸಣ್ಣ ಫಿಲ್ಟರ್ ಹಾಕಿದ್ರೆ ಪಂಪ್ ಉಸಿರು ಕಟ್ಟಿದ ಹಾಗೆ ಮಾಡುತ್ತೆ, 50 ಮಿಲಿಮೀಟರಿನ ಗಾಳಿ ಫಿಲ್ಟರ್ ತಗೊಳ್ಳಿ. ಗಾಳಿ ಎಷ್ಟು ಅಂದ್ರೆ, ಒಂದು ಲೀಟರ್ ದ್ರವಕ್ಕೆ ನಿಮಿಷಕ್ಕೆ ಒಂದು ಲೀಟರ್ ಗಾಳಿ, ಇದನ್ನೇ ಈ ಕೆಲಸದವ್ರು 1 ವಿವಿಎಂ ಅಂತಾರೆ. ಅಳೆಯೋದು ಸುಲಭ, ಒಂದು ಬಕೆಟ್ ನೀರಲ್ಲಿ ಲೀಟರ್ ಬಾಟ್ಲಿ ತುಂಬ್ಕೊಂಡು ತಲೆಕೆಳಗೆ ಹಿಡಿದು ಟ್ಯೂಬ್ ಅದರ ಬಾಯಿಗೆ ಕೊಡಿ, ಪೂರ್ತಿ ನೀರು ಹೊರಗೆ ಹೋಗೋಕೆ ಎಷ್ಟು ಸೆಕೆಂಡ್ ಆಯ್ತು ನೋಡ್ಕೊಳ್ಳಿ. ಫಿಲ್ಟರ್ ಹಾಕಿಯೇ ಅಳೀರಿ, ಪಂಪ್ ಡಬ್ಬಿ ಮೇಲೆ ಬರೆದಿರೋ ಲೆಕ್ಕ ನಂಬ್ಬೇಡಿ.

ಚೆಕ್ ವಾಲ್ವ್ ಮರೀಬೇಡಿ, ಪಂಪನ್ನೂ ದ್ರವದ ಮಟ್ಟಕ್ಕಿಂತ ಮೇಲೆ ಇಡಿ. ಕರೆಂಟ್ ಹೋದ ಕ್ಷಣ ಪೈಪಿನೊಳಗೆ ದ್ರವ ಹಿಂದಕ್ಕೆ ಏರುತ್ತೆ, ಸೈಫನ್ ಶುರು ಆಯ್ತು ಅಂದ್ರೆ ಫಿಲ್ಟರ್ ಒದ್ದೆ, ಪಂಪ್ ಒದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಜಾರಲ್ಲಿ ಅರ್ಧ, ನೆಲದ ಮೇಲೆ ಅರ್ಧ.

ಹೊರಗೆ ಹೋಗೋ ದಾರೀಲಿ ನಾನು ಮಾಡ್ಕೊಂಡ ಎಡವಟ್ಟು ಹೇಳ್ತೀನಿ. ಹೊರಗಿನ ಪೈಪಿಗೂ ನೇರ ಒಂದು ಫಿಲ್ಟರ್ ಸಿಕ್ಕಿಸಿದ್ದೆ, ನೋಡೋಕೆ ಅಚ್ಚುಕಟ್ಟಾಗಿತ್ತು. ರಾತ್ರಿ ಓದ್ತಾ ಕೂತಿದ್ದೆ, ಗುಳುಗುಳು ಸದ್ದು ಕಿವಿಗೆ ಅಭ್ಯಾಸ ಆಗಿಬಿಟ್ಟಿತ್ತು, ಅದು ನಿಧಾನಕ್ಕೆ ಕಮ್ಮಿ ಆಗಿ ನಿಂತೋಯ್ತು, ಪಂಪ್ ಮಾತ್ರ ಗುಂಯ್ ಅಂತಿದೆ. ಹೋಗಿ ನೋಡಿದ್ರೆ ನೊರೆ ಮೇಲಕ್ಕೆ ಹತ್ತಿ ಫಿಲ್ಟರ್ ಒಳಗೆ ಹೋಗಿ ಕೂತಿದೆ, ಮುಚ್ಚಳದ ಸಿಲಿಕೋನ್ ಬಿರಡೆ ಬೆರಳಲ್ಲಿ ಮುಟ್ಟಿದ್ರೆ ಉಬ್ಬಿ ಗಟ್ಟಿಯಾಗಿದೆ. ಸ್ವಲ್ಪ ತಿರುಗಿಸಿದೆ ಅಷ್ಟೇ, ಟಪ್ ಅಂತ ಬಿರಡೆ ಹಾರಿ ಗೋಡೆ, ಪುಸ್ತಕ, ನನ್ನ ಕನ್ನಡಕ ಎಲ್ಲದ್ರ ಮೇಲೂ ಯೀಸ್ಟ್. ಆವತ್ತಿಂದ ಹೊರಗಿನ ಪೈಪು ಮೊದ್ಲು ಒಂದು ಖಾಲಿ ಬಾಟ್ಲಿಗೆ ಹೋಗುತ್ತೆ, ನೊರೆಯೂ ಆವಿಯೂ ಅಲ್ಲೇ ಕೂರುತ್ತೆ, ಅಲ್ಲಿಂದ ಒಣ ಗಾಳಿ ಮಾತ್ರ ಫಿಲ್ಟರಿಗೆ. ಗಾಜಿನ ಜಾರಿಗೆ ಗಾಳಿ ತುಂಬ್ತಿರೋವಾಗ ಹೊರದಾರಿ ಯಾವತ್ತೂ ಮುಚ್ಚಬಾರ್ದು. ಬಿರಡೆ ಹಾರಿದ್ದು ನನ್ನ ಅದೃಷ್ಟ, ಗಾಜು ಒಡೆದಿದ್ರೆ ಕಥೆ ಬೇರೆ.

ಕಲಕೋಕೆ ಹಳೇ ಕಂಪ್ಯೂಟರ್ ಫ್ಯಾನ್ ಸಾಕು. ಅದರ ಮಧ್ಯದ ಗುಂಡಿ ಮೇಲೆ ಎರಡು ನಿಯೋಡಿಮಿಯಂ ಮ್ಯಾಗ್ನೆಟ್ ಅಂಟಿಸಿ, ಒಂದರ ಉತ್ತರ ಮೇಲೆ, ಇನ್ನೊಂದರ ದಕ್ಷಿಣ ಮೇಲೆ, ಎರಡರ ನಡುವಿನ ಅಂತರ ಜಾರೊಳಗಿನ ಕಲಕೋ ಕಡ್ಡಿಯ ಉದ್ದಕ್ಕೆ ಹತ್ತಿರ ಇರ್ಲಿ. 1 ಲೀಟರಿಗೆ 50 ಮಿಲಿಮೀಟರಿನ ಕಡ್ಡಿ ಸರಿಹೋಗುತ್ತೆ. ಒಮ್ಮೆಲೇ ಜೋರು ತಿರುಗಿಸಿದ್ರೆ ಕಡ್ಡಿ ಜಾಗ ತಪ್ಪಿ ಕಟಕಟ ಅಂತ ಒದ್ದಾಡುತ್ತೆ, ನಿಧಾನಕ್ಕೆ ಏರಿಸಿ. ಮಧ್ಯದಲ್ಲಿ ಸುಂದರವಾದ ಸುಳಿ ಬಂತು ಅಂತ ಖುಷಿ ಪಡ್ಬೇಡಿ, ಸುಳಿ ಅಂದ್ರೆ ನೀರೆಲ್ಲಾ ಒಟ್ಟಿಗೆ ತಿರುಗ್ತಿದೆ, ಬೆರೀತಿಲ್ಲ ಅಂತ ಅರ್ಥ. ಪೈಪುಗಳನ್ನ ಗೋಡೆ ಪಕ್ಕಕ್ಕೆ ಇಳಿಸಿದ್ರೆ ಅವೇ ಅಡ್ಡ ನಿಂತು ಸುಳಿ ಒಡೀತಾವೆ, ದೊಡ್ಡ ಟ್ಯಾಂಕುಗಳಲ್ಲಿ ಇದೇ ಕೆಲಸಕ್ಕೆ ಬ್ಯಾಫಲ್ ಅಂತ ಪಟ್ಟಿ ಹಾಕಿರ್ತಾರೆ.

ಇಷ್ಟೆಲ್ಲಾ ಗಾಳಿ ಗಾಳಿ ಅಂತ ಯಾಕೆ ಬಡ್ಕೊಳ್ತಿದೀನಿ ಅಂದ್ರೆ, 30 ಡಿಗ್ರಿ ನೀರಲ್ಲಿ ಲೀಟರಿಗೆ ಬರೀ 7.5 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಕರಗೋದು. ಲೀಟರಿಗೆ 5 ಗ್ರಾಂ ಯೀಸ್ಟ್ ಇದ್ದು ಅದು ಜೋರಾಗಿ ಉಸಿರಾಡ್ತಿದ್ರೆ ಅಷ್ಟೂ ಒಂದು ನಿಮಿಷದೊಳಗೆ ಖಾಲಿ. ಅಂದ್ರೆ ಜಾರಲ್ಲಿ ಸ್ಟಾಕ್ ಅಂತ ಏನೂ ಇರಲ್ಲ, ಗುಳ್ಳೆ ಕೊಟ್ಟಷ್ಟೇ ಊಟ. ಇದು ಕಣ್ಣಿಗೆ ಕಾಣ್ಬೇಕು ಅಂದ್ರೆ ಬೆಳೆದ ಯೀಸ್ಟ್ ಸ್ವಲ್ಪ ಟೆಸ್ಟ್ ಟ್ಯೂಬಿಗೆ ತೆಗೆದು ಒಂದು ಹನಿ ತೆಳು ಮಿಥಿಲೀನ್ ಬ್ಲೂ ಹಾಕಿ ಸುಮ್ನೆ ಇಡಿ, ಆಮ್ಲಜನಕ ಮುಗೀತಾ ಬಂದ ಹಾಗೆ ಕೆಳಗಿಂದ ನೀಲಿ ಮಾಯ ಆಗುತ್ತೆ, ಗಾಳಿ ತಾಗೋ ಮೇಲಿನ ಅಂಚಲ್ಲಿ ಮಾತ್ರ ಒಂದು ನೀಲಿ ಉಂಗುರ ಉಳ್ಕೊಳ್ಳುತ್ತೆ. ಅಲ್ಲಾಡಿಸಿದ್ರೆ ಮತ್ತೆ ನೀಲಿ. ನನಗೆ ಆಕ್ಸಿಜನ್ ಪ್ರೋಬ್ ಕೊಡದ ಅರಿವು ಆ ಉಂಗುರ ಕೊಡ್ತು.

ಇನ್ನು ಯೀಸ್ಟಿನ ಊಟ, ಇದಕ್ಕೇ ಮೀಡಿಯಾ ಅನ್ನೋದು. 1 ಲೀಟರಿಗೆ ಅಮೋನಿಯಂ ಸಲ್ಫೇಟ್ 5 ಗ್ರಾಂ, ಮಾನೋಪೊಟ್ಯಾಸಿಯಂ ಫಾಸ್ಫೇಟ್ 3 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಅರ್ಧ ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 5 ಗ್ರಾಂ, ಗ್ಲೂಕೋಸ್ 5 ಗ್ರಾಂ. ವಿಟಮಿನ್ನು, ಸಣ್ಣಪುಟ್ಟ ಲೋಹ ಎಲ್ಲಾ ಎಕ್ಸ್‌ಟ್ರ್ಯಾಕ್ಟಿಂದಾನೇ ಬರುತ್ತೆ, ಬೇರೆ ತಲೆ ಕೆಡಿಸ್ಕೊಳ್ಬೇಡಿ. ಗ್ಲೂಕೋಸ್ ಮಾತ್ರ ಬೇರೆ ಬಾಟ್ಲೀಲಿ ಬೇಯ್ಸಿ ಆಮೇಲೆ ಸೇರ್ಸಿ, ಎಲ್ಲಾ ಒಟ್ಟಿಗೆ ಬೇಯ್ಸಿದ್ರೆ ಸಕ್ಕರೆ ಮತ್ತು ಅಮೈನೋ ಆಸಿಡ್ ಸೇರಿ ಕಂದು ಬಣ್ಣಕ್ಕೆ ತಿರುಗುತ್ತೆ.

ಸ್ಟೆರಿಲೈಜ್ ಮಾಡೋಕೆ ದೊಡ್ಡ ಪ್ರೆಶರ್ ಕುಕ್ಕರ್. 15 ಪಿಎಸ್ಐ ಪ್ರೆಶರ್ ಅಂದ್ರೆ ಒಳಗೆ 121 ಡಿಗ್ರಿ, ಸಣ್ಣ ಸಾಮಾನಿಗೆ 15 ನಿಮಿಷ ಸಾಕು, ಲೀಟರ್ ದ್ರವ ಇರೋ ಜಾರಿಗೆ ಒಳಗಿನ ತನಕ ಬಿಸಿ ಹೋಗೋಕೆ ಟೈಮ್ ಬೇಕು, 30 ರಿಂದ 40 ನಿಮಿಷ ಕೊಡಿ. ಮೊದ್ಲು ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಿ ಬರೀ ಹಬೆ ಬರೋ ತನಕ ಬಿಟ್ಟು ಆಮೇಲೆ ವೆಯ್ಟ್ ಹಾಕಿ. ದ್ರವದೊಳಗೆ ಮುಳುಗಿರೋ ಪೈಪುಗಳ ಟ್ಯೂಬಿಗೆಲ್ಲಾ ಕ್ಲಾಂಪ್ ಹಾಕಿರ್ಬೇಕು, ಇಲ್ಲಾಂದ್ರೆ ಮೇಲಿನ ಹಬೆ ತಳ್ಳಿ ದ್ರವ ಆ ಪೈಪಿಂದ ಹೊರಗೆ ಬರುತ್ತೆ. ಹೊರಗಾಳಿ ಪೈಪು ಮಾತ್ರ ತೆರೆದಿರ್ಲಿ, ಅದರ ಫಿಲ್ಟರಿಗೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಸುತ್ತಿ. ಮುಗಿದ್ಮೇಲೆ ವೆಯ್ಟ್ ಎತ್ತಿ ಪ್ರೆಶರ್ ಬಿಡೋ ಆತುರ ಬೇಡ, ಒಳಗಿನ ದ್ರವ ಒಮ್ಮೆಲೇ ಕುದ್ದು ಉಕ್ಕುತ್ತೆ. ತಾನಾಗೇ ಇಳೀಲಿ, ರಾತ್ರಿ ಹಾಗೇ ಬಿಟ್ರೂ ಪರವಾಗಿಲ್ಲ.

ಜಾರು ಕುಕ್ಕರಲ್ಲಿ ಹಿಡಿಸ್ಲಿಲ್ಲ ಅಂದ್ರೆ ಬ್ಲೀಚ್ ದಾರಿ ಇದೆ, ಆದ್ರೆ ಅದು ಎರಡನೇ ದರ್ಜೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಅರ್ಧ ಗಂಟೆ, ಆಮೇಲೆ ಕುದಿಸಿ ಆರಿಸಿದ ನೀರಲ್ಲಿ ಮೂರ್ನಾಲ್ಕು ಸಲ ತೊಳೀಬೇಕು. ಬ್ಲೀಚ್ ಜೊತೆ ಆಸಿಡ್, ವಿನೆಗರ್, ಅಮೋನಿಯಾ, ಸ್ಪಿರಿಟ್ ಯಾವ್ದೂ ಸೇರಬಾರ್ದು, ವಿಷದ ಗಾಳಿ ಬರುತ್ತೆ. ನೆನಪಿರ್ಲಿ, ಮೀಡಿಯಾದಲ್ಲಿ ಅಮೋನಿಯಂ ಉಪ್ಪಿದೆ, ಹಾಗಾಗಿ ಖಾಲಿ ಜಾರಿಗೆ ಮಾತ್ರ ಬ್ಲೀಚ್.

ಬಿಸಿಗೆ 12 ವೋಲ್ಟಿನ ಸಿಲಿಕೋನ್ ಹೀಟಿಂಗ್ ಮ್ಯಾಟ್ ಜಾರಿಗೆ ಸುತ್ತಿ, ಒಂದು ಡಿಜಿಟಲ್ ಥರ್ಮೋಸ್ಟ್ಯಾಟ್ ಹಾಕಿ 30 ಡಿಗ್ರಿಗೆ ಇಡಿ. ಡಿಎಸ್18ಬಿ20 ಸೆನ್ಸರ್ ಹಾಕಿ ಸ್ವಂತ ಪ್ರೋಗ್ರಾಂ ಬರೀತೀನಿ ಅಂದ್ರೆ ಬರೀರಿ, ಅರ್ಧ ಡಿಗ್ರಿ ಆಚೀಚೆ ತೋರಿಸುತ್ತೆ, ಯೀಸ್ಟಿಗೆ ಅಷ್ಟು ಸಾಕು. ಡೇಟಾ ವೈರಿಗೂ ಪವರ್ ವೈರಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಹಾಕೋದು ಮರೆತ್ರೆ ಓದೋದೇ ಇಲ್ಲ, ಬಹಳ ಜನ ಸೆನ್ಸರ್ ಕೆಟ್ಟಿದೆ ಅಂದ್ಕೊಂಡು ಎಸೆಯೋದು ಇದಕ್ಕೇ. ಆದ್ರೆ ಅಪಾಯ ಇರೋದು ಬೇರೆ ಕಡೆ. ಸೆನ್ಸರ್ ಪೈಪಿಂದ ಜಾರಿ ಹೊರಗೆ ಬಿತ್ತು ಅಂತಿಟ್ಕೊಳ್ಳಿ, ಅದು ಕೋಣೆಯ ತಂಪು ಓದ್ತಾ ಇರುತ್ತೆ, ಹೀಟರ್ ಆಫ್ ಆಗೋದೇ ಇಲ್ಲ. ಸೆನ್ಸರ್ ವೈರನ್ನ ಮುಚ್ಚಳಕ್ಕೆ ಕಟ್ಟಿ, ಮ್ಯಾಟಿಗೆ ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯೋ ಒಂದು ಥರ್ಮಲ್ ಫ್ಯೂಸ್ ಹಾಕಿ. ವೈರುಗಳು ಪ್ಲಗ್ಗಿಗೆ ಹೋಗೋ ಮುಂಚೆ ಸ್ವಲ್ಪ ಕೆಳಗೆ ಜೋತು ಬಿದ್ದಿರ್ಲಿ, ನೀರು ಹರಿದ್ರೂ ಅಲ್ಲೇ ತೊಟ್ಟಿಕ್ಕುತ್ತೆ. ಮನೆ ಲೈನಿಗೆ ಆರ್‌ಸಿಡಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಇಲ್ಲಾಂದ್ರೆ ಇದನ್ನ ರಾತ್ರಿ ಹಚ್ಚಿಟ್ಟು ಮಲಗ್ಬೇಡಿ.

ಯೀಸ್ಟ್ ಹಾಕೋ ದಿನ. ಅರ್ಧ ಗ್ರಾಂ ಒಣ ಯೀಸ್ಟನ್ನ 50 ಮಿಲಿಲೀಟರ್ ಕುದಿಸಿ ಆರಿಸಿದ, 35 ರಿಂದ 40 ಡಿಗ್ರಿ ಬೆಚ್ಚಗಿರೋ ನೀರಲ್ಲಿ ಕಾಲು ಗಂಟೆ ನೆನೆಸಿ, ಮುಚ್ಚಳದ ಬಿರಡೆಯನ್ನ 70 ಪರ್ಸೆಂಟ್ ಸ್ಪಿರಿಟಲ್ಲಿ ಒರೆಸಿ, ಆರಿದ್ಮೇಲೆ ಸ್ಟೆರೈಲ್ ಸಿರಿಂಜಲ್ಲಿ ಒಳಗೆ ಬಿಡಿ. ಸ್ಪಿರಿಟ್ ಹತ್ರ ಬೆಂಕಿ ಬೇಡ. ಅಂಗಡಿಯ ಒಣ ಯೀಸ್ಟ್ ಪೂರ್ತಿ ಶುದ್ಧ ಅಲ್ಲ, ಸ್ವಲ್ಪ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇದ್ದೇ ಇರುತ್ತೆ, ಒಂದು ದಿನದ ಆಟಕ್ಕೆ ತೊಂದ್ರೆ ಇಲ್ಲ, ವಾರಗಟ್ಟಲೆ ಓಡಿಸ್ಬೇಕು ಅಂದ್ರೆ ಅಗಾರ್ ಪ್ಲೇಟ್ (ಜೆಲ್ಲಿ ಥರದ ಊಟ ತುಂಬಿದ ತಟ್ಟೆ) ಮೇಲೆ ಗೆರೆ ಎಳೆದು ಒಂಟಿ ಕಾಲೊನಿ ಆರಿಸ್ಕೊಳ್ಳಿ.

ಮೊದಲ ಐದಾರು ಗಂಟೆ ಸುಮ್ನೆ ಬೆಳೆಯೋಕೆ ಬಿಡಿ. ಜಾರಿನ ಹಿಂದೆ ಒಂದು ಅಚ್ಚಾದ ಕಾಗದ ಇಟ್ರೆ ಮೊದ್ಲು ಅಕ್ಷರ ಓದ್ಬಹುದು, ಆಮೇಲೆ ಮಬ್ಬು, ಆಮೇಲೆ ಕಾಣೋದೇ ಇಲ್ಲ. ಇದಾದ್ಮೇಲೆ ನಿಜವಾದ ಕೆಲಸ, ಸಕ್ಕರೆ ಹನಿ ಹನಿಯಾಗಿ ಕೊಡೋದು. ಯೀಸ್ಟಿನ ಒಂದು ಚಾಳಿ ಇದೆ, ಸಕ್ಕರೆ ಜಾಸ್ತಿ ಸಿಕ್ರೆ ಆಮ್ಲಜನಕ ಎಷ್ಟೇ ಇದ್ರೂ ಆಲ್ಕೋಹಾಲ್ ಮಾಡೋಕೆ ಶುರು ಮಾಡುತ್ತೆ, ಕ್ರಾಬ್‌ಟ್ರೀ ಎಫೆಕ್ಟ್ ಅಂತ ಇದರ ಹೆಸರು. ಸರಿಯಾಗಿ ಉಸಿರಾಡಿದ್ರೆ ಒಂದು ಗ್ರಾಂ ಗ್ಲೂಕೋಸಿಂದ ಅರ್ಧ ಗ್ರಾಂ ಹತ್ರ ಒಣ ಯೀಸ್ಟ್, ಆಲ್ಕೋಹಾಲ್ ದಾರಿ ಹಿಡಿದ್ರೆ 0.1 ಗ್ರಾಂ ಆಸುಪಾಸು ಅಷ್ಟೇ. ಒಂದೇ ಸಲ 20 ಗ್ರಾಂ ಸುರಿದು ಕಾಯ್ತಾ ಕೂತಿದ್ದ ನನ್ನ ಮೊದಲ ಜಾರಿನ ಕಥೆ ಇಷ್ಟೇ.

ಎಷ್ಟು ಕೊಡ್ಬೇಕು ಅನ್ನೋದನ್ನ ಗಾಳಿಯಿಂದ ಲೆಕ್ಕ ಹಾಕಿ. ಜಾರು ಗಂಟೆಗೆ ಲೀಟರಿಗೆ 200 ಮಿಲಿಗ್ರಾಂ ಆಮ್ಲಜನಕ ಕರಗಿಸುತ್ತೆ ಅಂತ ಇಟ್ಕೊಳ್ಳಿ, ಒಂದು ಗ್ರಾಂ ಗ್ಲೂಕೋಸಿಗೆ 0.4 ಗ್ರಾಂ ಆಮ್ಲಜನಕ ಹತ್ರಹತ್ರ ಬೇಕು, ಹಾಗಾದ್ರೆ ಗಂಟೆಗೆ ಅರ್ಧ ಗ್ರಾಂ ಗ್ಲೂಕೋಸ್. ಲೀಟರಿಗೆ 100 ಗ್ರಾಂ ಇರೋ ಸಕ್ಕರೆ ನೀರು ಮಾಡ್ಕೊಂಡ್ರೆ ಗಂಟೆಗೆ 5 ಮಿಲಿಲೀಟರ್ ಆಯ್ತು. ಟ್ಯೂಬನ್ನ ಹಿಂಡಿ ದ್ರವ ತಳ್ಳೋ ಸಣ್ಣ ಪೆರಿಸ್ಟಾಲ್ಟಿಕ್ ಪಂಪ್ ನಿಮಿಷಕ್ಕೆ 30 ಮಿಲಿಲೀಟರ್ ಎಳೆಯೋದಾದ್ರೆ ಪ್ರತಿ 6 ನಿಮಿಷಕ್ಕೆ ಒಂದು ಸೆಕೆಂಡ್ ಓಡಿಸಿ, ಸರಿಯಾಗಿ ಅಷ್ಟೇ ಬರುತ್ತೆ. ಆರ್ಡುಯಿನೋಗೆ ನಿಜವಾದ ಕೆಲಸ ಸಿಗೋದು ಇಲ್ಲಿ. 16 ಗಂಟೆಗೆ 8 ಗ್ರಾಂ ಗ್ಲೂಕೋಸ್ ಹೋಗುತ್ತೆ, 4 ಗ್ರಾಂ ಹತ್ರ ಹೊಸ ಯೀಸ್ಟ್ ನಿರೀಕ್ಷೆ ಮಾಡ್ಬಹುದು. ಆಲ್ಕೋಹಾಲ್ ವಾಸನೆ ಬಂತು ಅಂದ್ರೆ ನಿಮ್ಮ ಜಾರು ಅಷ್ಟು ಆಮ್ಲಜನಕ ಕರಗಿಸ್ತಿಲ್ಲ, ಸಕ್ಕರೆ ಪಂಪ್ ಅರ್ಧಕ್ಕೆ ಇಳಿಸಿ. ಮೂತ್ರ ಪರೀಕ್ಷೆಗೆ ಬರೋ ಗ್ಲೂಕೋಸ್ ಪಟ್ಟಿ ಸ್ಯಾಂಪಲಲ್ಲಿ ಅದ್ದಿ ನೋಡ್ಬಹುದು, ಬಣ್ಣ ಬಂದ್ರೆ ಖಂಡಿತ ಜಾಸ್ತಿ ಕೊಡ್ತಿದ್ದೀರ, ಆದ್ರೆ ಬಣ್ಣ ಬರ್ಲಿಲ್ಲ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ, ಯೀಸ್ಟ್ ದಾರಿ ತಪ್ಪೋ ಮಟ್ಟ ಲೀಟರಿಗೆ 0.1 ಗ್ರಾಂ ಹತ್ರ, ಪಟ್ಟಿಗೆ ಅಷ್ಟು ಸಣ್ಣದು ಕಾಣಲ್ಲ. ಮೂಗೇ ವಾಸಿ, ಹೊರಗಾಳಿ ಪೈಪಿನ ತುದೀಲಿ ಮೂಸಿ ಸಾಕು, ಜಾರಿನ ಮುಚ್ಚಳ ತೆಗೆದಲ್ಲ.

ಪಿಎಚ್ 5 ರಿಂದ ಶುರು ಮಾಡಿ. ಯೀಸ್ಟ್ ಅಮೋನಿಯಂ ತಿಂದ ಹಾಗೆ ಆಸಿಡ್ ಬಿಡುತ್ತೆ, ಪಿಎಚ್ ಇಳೀತಾ ಹೋಗುತ್ತೆ, 4 ರ ತನಕ ಚಿಂತೆ ಇಲ್ಲ, ಅದರಿಂದ ಬ್ಯಾಕ್ಟೀರಿಯಾ ಕಾಟವೂ ಕಮ್ಮಿ. ಅದಕ್ಕಿಂತ ಇಳಿದ್ರೆ ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಇರೋ ದ್ರಾವಣ ಒಂದೊಂದೇ ಮಿಲಿಲೀಟರ್ ಹಾಕಿ. ದ್ರಾವಣ ಮಾಡೋವಾಗ ನೀರಿಗೆ ಸೋಡಾ ಹಾಕ್ಬೇಕು, ಸೋಡಾಗೆ ನೀರಲ್ಲ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರ್ಲೇಬೇಕು. ಪಿಎಚ್ ಪ್ರೋಬನ್ನ ಜಾರೊಳಗೆ ಬಿಡ್ಬೇಡಿ, ಬಹಳಷ್ಟು ಅಗ್ಗದ ಪ್ರೋಬ್ ಕುಕ್ಕರ್ ಬಿಸಿ ತಡೆಯಲ್ಲ, ತೆಗೆದ ಸ್ಯಾಂಪಲಲ್ಲೇ ಅಳೀರಿ. ಸ್ಯಾಂಪಲ್ ತೆಗೆಯೋವಾಗ ಮೊದಲ 5 ಮಿಲಿಲೀಟರ್ ಚೆಲ್ಲಿ, ಅದು ಪೈಪಲ್ಲಿ ನಿಂತಿದ್ದ ಹಳೇದು.

ಕೆಟ್ಟಿದೆಯಾ ಇಲ್ವಾ? ಬ್ರೆಡ್ ವಾಸನೆ ಬಂದ್ರೆ ಸರಿ. ಹುಳಿ ವಾಸನೆ, ಕೊಳೆತ ವಾಸನೆ ಬಂದ್ರೆ ಯಾರೋ ನುಗ್ಗಿದ್ದಾರೆ. 400 ಪಟ್ಟು ದೊಡ್ಡದು ಮಾಡೋ ಮೈಕ್ರೋಸ್ಕೋಪಲ್ಲಿ ಯೀಸ್ಟ್ ದುಂಡಗೆ, ಪಕ್ಕದಲ್ಲಿ ಸಣ್ಣ ಮೊಗ್ಗು ಅಂಟ್ಕೊಂಡು ಕಾಣುತ್ತೆ, ಬ್ಯಾಕ್ಟೀರಿಯಾ ಅದರ ಐದನೇ ಒಂದು ಪಾಲು ಇಲ್ಲಾ ಇನ್ನೂ ಚಿಕ್ಕ ಚುಕ್ಕೆ, ಕಡ್ಡಿ. ಅನುಮಾನ ಬಂದ್ರೆ ಉಳಿಸ್ಕೊಳ್ಳೋ ಸಾಹಸ ಬೇಡ, ಅಲ್ಲಿಗೇ ನಿಲ್ಲಿಸಿ. ಸರಿಯಾಗಿ ಬೆಳೆದಿದ್ರೂ ಇದನ್ನ ತಿನ್ನೋಕೆ, ಅಡುಗೆಗೆ ಹಾಕೋಕೆ ಹೋಗ್ಬೇಡಿ.

ಮುಗಿದ್ಮೇಲೆ ಪೂರ್ತಿ ಜಾರನ್ನ ಮತ್ತೆ ಕುಕ್ಕರಲ್ಲಿ ಇಟ್ಟು ಅರ್ಧ ಗಂಟೆ ಬೇಯ್ಸಿ, ಆರಿದ್ಮೇಲೆ ಚೆಲ್ಲಿ. ಇಲ್ಲಿ ಬ್ಲೀಚ್ ಬೇಡ, ಅಮೋನಿಯಂ ಇನ್ನೂ ಉಳಿದಿರುತ್ತೆ. ಸ್ಪಾರ್ಜರನ್ನ ಮಾತ್ರ ಅವತ್ತೇ, ಒದ್ದೆ ಇರೋವಾಗ್ಲೇ ಬಿಸಿ ನೀರಲ್ಲಿ ಹಾಕಿ ಗಾಳಿ ಊದ್ತಾ ಹತ್ತು ನಿಮಿಷ ಬಿಡಿ, ನಾಳೆ ಮಾಡಿದ್ರಾಯ್ತು ಅಂದ್ಕೊಂಡು ಒಣಗಿಸಿದ್ರೆ ಸಣ್ಣ ತೂತುಗಳೊಳಗೆ ಯೀಸ್ಟ್ ಸಿಮೆಂಟ್ ಥರ ಕೂತ್ಬಿಡುತ್ತೆ, ನನ್ನ ಡ್ರಾಯರಲ್ಲಿ ಹಾಗೆ ಕೆಟ್ಟಿದ್ದು ಮೂರು ಇನ್ನೂ ಬಿದ್ದಿವೆ.